ವೈದ್ಯರ ಮೇಜಿಗೆ ಬಂದ ಕಂಪ್ಯೂಟರ್ ಸಲಹೆ

ಕಾಯಿಲೆ ಗುರುತಿಸಲು ವೈದ್ಯರಿಗೆ ಕಂಪ್ಯೂಟರಿನ ನೆರವು ಕೊಡುವ ಪ್ರಯತ್ನ ಶುರುವಾಗಿ ಅರ್ಧ ಶತಮಾನ ದಾಟಿದೆ. 1972ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವೈದ್ಯ ಡಿ ಡೊಂಬಾಲ್ ಮತ್ತು ಸಂಗಡಿಗರು, ಹಠಾತ್ ಹೊಟ್ಟೆನೋವಿನಿಂದ ಬಂದ 304 ರೋಗಿಗಳ ವಿವರವನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಅದರ ನಿರ್ಣಯ ಶೇ 91.8ರಷ್ಟು ಸರಿಬಂತು, ಹಿರಿಯ ವೈದ್ಯರದು ಶೇ 79.6. ಆದರೂ ಆ ವ್ಯವಸ್ಥೆ ಎಲ್ಲೆಡೆ ಹಬ್ಬಲಿಲ್ಲ.

ಸೋಂಕಿಗೆ ಯಾವ ಆಂಟಿಬಯಾಟಿಕ್ ಕೊಡಬೇಕೆಂದು ಹೇಳುತ್ತಿದ್ದ ಅಮೆರಿಕದ ಮೈಸಿನ್ ಎಂಬ ಪ್ರೋಗ್ರಾಂ 1979ರ ಪರೀಕ್ಷೆಯಲ್ಲಿ ತಜ್ಞರಿಗೆ ಸರಿಸಮನಾಗಿ ನಿಂತಿತು. ವಾರ್ಡಿನ ನಿತ್ಯ ಬಳಕೆಗೆ ಮಾತ್ರ ಬರಲೇ ಇಲ್ಲ. ಪ್ರತಿ ರೋಗಿಯ ವಿವರವನ್ನೂ ಕುಳಿತು ಟೈಪ್ ಮಾಡಬೇಕಿತ್ತು. ತಪ್ಪಾದರೆ ಹೊಣೆ ಯಾರದೆಂಬುದೂ ಇತ್ಯರ್ಥವಾಗಿರಲಿಲ್ಲ. ಸಲಹೆಯ ಹಿಂದಿನ ಕಾರಣವನ್ನೂ ಯಂತ್ರ ಹೇಳಬೇಕೆಂದು ವೈದ್ಯರು ಬಯಸುತ್ತಾರೆಂಬುದು 1981ರ ಸಮೀಕ್ಷೆಯೊಂದರಲ್ಲಿ ಕಂಡುಬಂತು. ಇದನ್ನು ಹಟವೆಂದು ತಳ್ಳಿಹಾಕುವುದು ಅನ್ಯಾಯ. ರೋಗಿಗೆ ಉತ್ತರ ಹೇಳಬೇಕಾದವರು ವೈದ್ಯರೇ ತಾನೆ?

ಅಮೆರಿಕದ ಇಂಡಿಯಾನಾದ ವೈದ್ಯ ಮೆಕ್‌ಡೊನಾಲ್ಡ್ 1976ರಲ್ಲಿ ಬೇರೆ ದಾರಿ ತೋರಿಸಿದ್ದರು. ಅವರ ಕಂಪ್ಯೂಟರ್ ನಿರ್ಣಯ ಹೇಳದೆ, ಮರೆತುಹೋಗಬಹುದಾದದ್ದನ್ನು ಜ್ಞಾಪಿಸುತ್ತಿತ್ತು. ಜ್ಞಾಪನೆ ಬಂದಾಗ ವೈದ್ಯರು ಶೇ 51ರಷ್ಟು ಸಂದರ್ಭಗಳಲ್ಲಿ ಕ್ರಮ ಕೈಗೊಂಡರು, ಇಲ್ಲದಿದ್ದಾಗ ಶೇ 22ರಲ್ಲಿ. ಇಂಥ ಅನೇಕ ತಪ್ಪುಗಳಿಗೆ ಕಾರಣ ವೈದ್ಯರ ತಿದ್ದಬಹುದಾದ ಕೊರತೆಯಲ್ಲ, ಅಷ್ಟೊಂದು ಮಾಹಿತಿಯನ್ನು ನಿಭಾಯಿಸುವಲ್ಲಿ ಮನುಷ್ಯನಿಗಿರುವ ಮಿತಿ ಎಂಬುದು ಅವರ ತೀರ್ಮಾನ.

ಕರ್ನಾಟಕದಲ್ಲಿ ಬೆಂಗಳೂರಿನ ಮಣಿಪಾಲ್ ಆಸ್ಪತ್ರೆ ಕ್ಯಾನ್ಸರ್ ಚಿಕಿತ್ಸೆಗೆ ಐಬಿಎಂನ ವಾಟ್ಸನ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ತಂದಿತು. 2018ರಲ್ಲಿ ಪ್ರಕಟವಾದ ವರದಿಯಂತೆ, 638 ಸ್ತನ ಕ್ಯಾನ್ಸರ್ ಪ್ರಕರಣಗಳಲ್ಲಿ ಅದರ ಸಲಹೆ ಶೇ 93ರಷ್ಟು ವೈದ್ಯರ ತಂಡದ ತೀರ್ಮಾನಕ್ಕೆ ಹೊಂದಿಕೊಂಡಿತು. ಹೊಂದಿಕೆಯಾಯಿತೆಂದ ಮಾತ್ರಕ್ಕೆ ರೋಗಿಗೆ ಹೆಚ್ಚು ಒಳಿತಾಯಿತೆಂದು ಅರ್ಥವಲ್ಲ.

ಹಳ್ಳಿಗಾಡಿಗೆ ಹೆಚ್ಚು ಹತ್ತಿರದ್ದು ಎಂವೆಲ್‌ಕೇರ್ ಎಂಬ ಆ್ಯಪ್. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಅದರ ಪ್ರಯೋಗ ನಡೆಯಿತು. ಬಿಪಿ, ಶುಗರ್ ವಿವರವನ್ನು ನರ್ಸ್ ಟ್ಯಾಬ್ಲೆಟ್‌ನಲ್ಲಿ ತುಂಬುತ್ತಿದ್ದರು. ಸಲಹೆ ವೈದ್ಯರಿಗೆ ತಲುಪುತ್ತಿತ್ತು. ಔಷಧ ಬರೆಯುತ್ತಿದ್ದವರು ವೈದ್ಯರೇ. ಟೈಪಿಂಗ್ ಹೊರೆ ವೈದ್ಯರ ಮೇಲಿಂದ ಇಳಿಯಿತು. ಆದರೆ 2019ರ ಫಲಿತಾಂಶದಲ್ಲಿ, ಆ್ಯಪ್ ಇಲ್ಲದ ಕೇಂದ್ರಗಳಿಗಿಂತ ಬಿಪಿ ಅಥವಾ ಶುಗರ್ ಹತೋಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹೊಣೆಯ ಪ್ರಶ್ನೆಗೆ ಭಾರತದಲ್ಲಿ ಒಂದು ಮಟ್ಟಿನ ಉತ್ತರ ಸಿಕ್ಕಿದ್ದು 2020ರ ಮಾರ್ಚ್‌ನಲ್ಲಿ. ದೇಶದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಕೃತಕ ಬುದ್ಧಿಮತ್ತೆ ವೈದ್ಯರಿಗೆ ನೆರವಾಗಬಹುದು. ರೋಗಿಗೆ ತಾನೇ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ.

ನಿಯಮ ಸ್ಪಷ್ಟವಾದರೂ ಸ್ಥಳೀಯ ಕಷ್ಟ ಬೇರೆಯೇ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರ ಕಠಿಣ ನಿರ್ಧಾರವೆಂದರೆ ರೋಗಿಯನ್ನು ಅಲ್ಲೇ ಉಳಿಸಿಕೊಳ್ಳಬೇಕೇ, ಗದಗಿಗೋ ಹುಬ್ಬಳ್ಳಿಗೋ ಕಳಿಸಬೇಕೇ ಎಂಬುದು. ರೋಗಿಯ ಜೊತೆ ಬಂದವರ ಕೂಲಿ, ಆಂಬುಲೆನ್ಸ್, ಮನೆಯಲ್ಲಿ ನೋಡಿಕೊಳ್ಳುವವರು, ಇವೆಲ್ಲ ಆ ನಿರ್ಧಾರದೊಳಗೆ ಬರುತ್ತವೆ. ಈ ವಿವರ ತುಂಬಲು ಜಾಗವಿಲ್ಲದ ಸಾಧನವನ್ನು ವೈದ್ಯರು ಬದಿಗಿಟ್ಟರೆ ಅದಕ್ಕೆ ಕಾರಣ ಸಾಧನದಲ್ಲೇ ಇರುತ್ತದೆ.