ಹಿರಿಯ ಬೆಕ್ಕುಗಳ ಕುಲವಿಚಾರ



ಮೃಗಾಲಯದಲ್ಲಿ ಚೀತಾವನ್ನು ಕಂಡು ನಾವು ‘ಚಿರತೆ’ ಎನ್ನುವುದುಂಟು. ಆದರೆ ಮೈಮೇಲಿನ ಚುಕ್ಕೆಗಳನ್ನು ನೋಡಿ ನೆಂಟಸ್ತಿಕೆ ಕಟ್ಟಲಾಗದು. ಚಿರತೆಯು ಹುಲಿ, ಸಿಂಹಗಳ ಕುಲಕ್ಕೆ ಸೇರಿದ್ದು. ಚೀತಾದ ಹತ್ತಿರದ ಬಂಧು ಅಮೆರಿಕದ ಪ್ಯೂಮಾ.

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಅವರು ಮನೆಯ ಬೆಕ್ಕನ್ನೂ ಹುಲಿ ಸಿಂಹಗಳನ್ನೂ ‘ಫೆಲಿಸ್’ ಎಂಬ ಒಂದೇ ಕುಲದಲ್ಲಿಟ್ಟರು. 1916ರಲ್ಲಿ ಇಂಗ್ಲೆಂಡಿನ ಪೊಕಾಕ್ ಅವರು ನಾಲಗೆಯ ಬುಡದ ಎಲುಬುಗಳನ್ನು ಪರೀಕ್ಷಿಸಿ, ಗರ್ಜಿಸಬಲ್ಲ ಹುಲಿ, ಸಿಂಹ, ಚಿರತೆ, ಜಾಗ್ವಾರ್‌ಗಳಿಗೆ ‘ಪ್ಯಾಂಥೆರಾ’ ಕುಲವನ್ನು ಮೀಸಲಿಟ್ಟರು. ಗರ್ಜಿಸಲಾರದ ಹಿಮಚಿರತೆ ಹೊರಗುಳಿಯಿತು. ಅದು ಹುಲಿಗೇ ಅತಿ ಸಮೀಪದ್ದೆಂದು ಈ ಶತಮಾನದ ವಂಶವಾಹಿ ಪರೀಕ್ಷೆಗಳು ತೋರಿಸಿದವು. ಈಗ ಅದೂ ಪ್ಯಾಂಥೆರಾ ಕುಲದ್ದೇ.

ಇದು ಬರಿಯ ಹೆಸರಿನ ಜಿಜ್ಞಾಸೆಯಲ್ಲ. ಕ್ಯಾಸ್ಪಿಯನ್ ಸಮುದ್ರದ ಕಡೆಯ ಹುಲಿಗಳು ಕಳೆದ ಶತಮಾನದಲ್ಲಿ ನಿರ್ನಾಮವಾದವು. ಸಂಗ್ರಹಾಲಯಗಳಲ್ಲಿ ಉಳಿದಿದ್ದ ಅವುಗಳ ಅವಶೇಷಗಳನ್ನು ಪರೀಕ್ಷಿಸಿದಾಗ, ಅವು ಸೈಬೀರಿಯದ ಹುಲಿಗಳಿಂದ ಬಹುಮಟ್ಟಿಗೆ ಅಭಿನ್ನವೆಂದು 2009ರಲ್ಲಿ ತಿಳಿದುಬಂತು. ಆ ಆಧಾರದ ಮೇಲೆ 2024ರಲ್ಲಿ ಸೈಬೀರಿಯದ ತಳಿಯ ಎರಡು ಹುಲಿಗಳನ್ನು ಕಜಕಸ್ತಾನಕ್ಕೆ ತರಲಾಯಿತು. ಸರಿಯಾದ ವರ್ಗೀಕರಣವು ಬರಿದಾದ ಕಾಡಿಗೆ ಹುಲಿಯನ್ನು ಮರಳಿ ತರುವ ದಾರಿಯನ್ನೂ ತೋರಿಸಬಲ್ಲದು.