ಎಂಜಿನ್ನಿನ ಹೊರೆ ಇಳಿಸಿದರೆ ಬಲ ಹೆಚ್ಚೀತೆ?



ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಿಂದ ಬಂದ ತರುಣರು ಇಲ್ಲಿ ಬಹಳ ಮಂದಿ ಇದ್ದೀರಿ. ಸೈಲೆನ್ಸರ್, ಏರ್ ಫಿಲ್ಟರ್ ಕಳಚಿದರೆ ಗಾಡಿಗೆ ಬಲ ಬರುತ್ತದೆಂಬ ಮಾತನ್ನು ಕೇಳಿಯೇ ಇರುತ್ತೀರಿ.

ಈ ನಂಬಿಕೆ ನಮ್ಮ ಸೀಮೆಯದಷ್ಟೇ ಅಲ್ಲ. ಜಪಾನಿನ ಮಾಜ್ದಾ ಕಂಪನಿ 1978ರಲ್ಲಿ ಹೊರತಂದ ಆರ್‌ಎಕ್ಸ್-7 ಕಾರಿನಲ್ಲಿ ಪಿಸ್ಟನ್ನಿನ ಬದಲು ತ್ರಿಕೋನಾಕಾರದ ರೋಟರ್ ತಿರುಗುತ್ತದೆ. ಇಂಥ ಎಂಜಿನ್ನಿನ ಹೊಗೆಯಲ್ಲಿ ಉರಿಯದ ಪೆಟ್ರೋಲಿನ ಅಂಶ ಹೆಚ್ಚು. ಅದನ್ನು ಸುಡಲೆಂದೇ ಬೆಲ್ಟಿನಿಂದ ನಡೆಯುವ ಪಂಪೊಂದು ಹೊಗೆಯ ಹಾದಿಗೆ ಗಾಳಿಯೂದುತ್ತದೆ. ವೇಗಪ್ರಿಯರ ಕಣ್ಣು ಬೀಳುವುದು ಅದರ ಮೇಲೆಯೇ. ಪಂಪು ಕಿತ್ತರೆ ಅದನ್ನು ತಿರುಗಿಸುವ ಬಲ ಉಳಿಯುವುದು ದಿಟ, ಆದರೆ ಆ ಉಳಿತಾಯ ಅತ್ಯಲ್ಪ. ಉರಿಯದ ವಿಷವೆಲ್ಲ ಗಾಳಿಗೆ. ಎ.ಸಿ. ಕಂಪ್ರೆಸರಿನದಂತೂ ಬರಿಯ ಭ್ರಮೆ. ಸ್ವಿಚ್ ಆರಿಸಿದೊಡನೆ ಅದರ ಕ್ಲಚ್ ಬಿಟ್ಟುಕೊಂಡು ಪುಲ್ಲಿಯೊಂದೇ ಸುತ್ತುತ್ತದೆ.

ನಮ್ಮ ಎರೆಭೂಮಿಯ ಮಾತು ಬೇರೆ. ಬೇಸಿಗೆಯ ಧೂಳಿನಲ್ಲಿ ಫಿಲ್ಟರಿಲ್ಲದ ಎಂಜಿನ್ ಮಣ್ಣನ್ನೇ ಉಸಿರಾಡುತ್ತದೆ. ಸಿಲಿಂಡರ್ ಗೀರಿ, ರಿಂಗು ಸವೆದು, ಆಯಿಲ್ ಉರಿದು ನೀಲಿ ಹೊಗೆ ಏಳುತ್ತದೆ. ಬಲ ಬರುವ ಮಾತಿರಲಿ, ಇದ್ದದ್ದೂ ಹೋಯಿತು! ಹಳೆಯ ಟೂ-ಸ್ಟ್ರೋಕ್ ಬೈಕುಗಳಲ್ಲಿ ಸೈಲೆನ್ಸರಿನ ಉಬ್ಬಿದ ಕೊಳವೆಯೇ ಹೊರನುಗ್ಗುವ ಹಸಿ ಪೆಟ್ರೋಲನ್ನು ಮರಳಿ ಸಿಲಿಂಡರಿಗೆ ತಳ್ಳುತ್ತದೆ. ಅದನ್ನು ಕತ್ತರಿಸಿದವನಿಗೆ ದಕ್ಕುವುದು ಸದ್ದು ಮಾತ್ರ.

ಆ ಸದ್ದು ಗದಗ-ಬೆಟಗೇರಿಯ ಓಣಿಗಳಲ್ಲೇ ಅಡಗುವುದಿಲ್ಲ. 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದಲ್ಲಿ ತೋಳ, ಕತ್ತೆಕಿರುಬಗಳಿವೆ. ಇರುಳಲ್ಲಿ ಕಿವಿಯನ್ನೇ ನೆಚ್ಚಿ ಬದುಕುವ ಜೀವಗಳವು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಹೊಗೆ, ಸದ್ದುಗಳಿಗೆ ಹತ್ತು ಸಾವಿರ ರೂಪಾಯಿವರೆಗೆ ದಂಡವಿದೆ. ಅಷ್ಟು ಹಣದಲ್ಲಿ ಎಷ್ಟು ಹೊಸ ಫಿಲ್ಟರ್ ಬಂದಾವು, ನೀವೇ ಲೆಕ್ಕ ಹಾಕಿ.