ಮಾತ್ರೆ ತಾಲೂಕಿಗೆ ಬಂತು, ಮಾತು ಬರಲಿಲ್ಲ

(ಬೆಂಗಳೂರು ಚಾಮರಾಜಪೇಟೆಯ ಸಭೆಯೊಂದರಲ್ಲಿ ಆಡಿದ ಮಾತುಗಳು, ಓದುಗರಿಗಾಗಿ)



ಬೆಲೆ, ಸಾಲ, ಜಫ್ತಿ ಅಂತ ಮಾತಾಡುವ ಜನಕ್ಕೆ ಮನಸ್ಸಿನ ಕಾಯಿಲೆಯ ಗೊಡವೆ ಯಾಕೆ ಅಂತ ನೀವು ಕೇಳಬಹುದು. ಸಾಲ ಮೈಮೇಲೆ ಬಂದ ಮನೆಯನ್ನು ಒಂದು ಸಲ ನೋಡಿ. ಯಜಮಾನನಿಗೆ ನಿದ್ದೆ ಇಲ್ಲ. ಊಟ ಸೇರುವುದಿಲ್ಲ. ಬ್ಯಾಂಕಿನ ಫೋನು ಬಂದರೆ ಎದೆ ಡವಡವ ಅನ್ನುತ್ತದೆ. ನಾವು ಇದನ್ನೆಲ್ಲ ಸಾಲದ ಲೆಕ್ಕಕ್ಕೆ ಬರೆದು, ಸಾಲ ತೀರಿದರೆ ತಾನೇ ಸರಿಹೋಗುತ್ತೆ ಅಂತೀವಿ. ಡಾಕ್ಟರು ಕಾಯಿಲೆಯ ಲೆಕ್ಕಕ್ಕೆ ಬರೆದು, ಸಾಲದ ಮಾತೇ ಎತ್ತುವುದಿಲ್ಲ. ಎರಡೂ ಅರ್ಧ ಲೆಕ್ಕ.

ನಾನು ಹೈಸ್ಕೂಲು ಓದಿದ ಬೇಸಾಯಗಾರ, ಡಾಕ್ಟರಲ್ಲ. ಆದರೆ ಈ ವಿಷಯದಲ್ಲಿ ಬೆಂಗಳೂರಿಗೆ ನಾವು ಋಣಿಗಳು ಅಂತ ಮೊದಲು ಹೇಳಿಬಿಡಬೇಕು. ಇಲ್ಲಿಂದ ಐದಾರು ಕಿಲೋಮೀಟರು ದೂರದ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಸಂಸ್ಥಾನದ ಕಾಲದ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಅಂತ ಹೆಸರಾಯಿತು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಮರುವರ್ಷವೇ ಅಲ್ಲಿನ ಡಾಕ್ಟರುಗಳು ಆನೇಕಲ್ ಕಡೆಯ ಸಕಲವಾರಕ್ಕೆ ಹೋಗಿ, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸತೊಡಗಿದರು. ಆ ಅನುಭವದ ಮೇಲೆ 1985ರಲ್ಲಿ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಯಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ಆ ಬಳ್ಳಾರಿಯ ಮಣ್ಣಿನಲ್ಲಿ. ಮಾತ್ರೆ ತಾಲೂಕಿಗೆ ಬಂದಿದ್ದು ಹೀಗೆ.

ಆದರೂ ನಿಮ್ಹಾನ್ಸ್‌ನವರೇ 2015-16ರಲ್ಲಿ ದೇಶದ ಸಮೀಕ್ಷೆ ಮಾಡಿದಾಗ ಕಂಡಿದ್ದೇನು? ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸಿಕ್ಕವರಿಗೂ ಹೆಚ್ಚಾಗಿ ಸಿಗುವುದು ಚೀಟಿ ಮತ್ತು ಮಾತ್ರೆ. ಆತಂಕ, ಖಿನ್ನತೆಗೆ ಮಾತ್ರೆಯಷ್ಟೇ ಮುಖ್ಯವಾದ ಮಾತಿನ ಚಿಕಿತ್ಸೆ ಅಂತ ಒಂದಿದೆ. ಅದು ಮಾತ್ರ ಮಲ್ಲೇಶ್ವರ, ಬಸವನಗುಡಿ ದಾಟಿ ಬರಲಿಲ್ಲ.

ನಮ್ಮೂರಿನ ಒಬ್ಬ ರೇಷ್ಮೆ ಬೆಳೆಗಾರನಿಗೆ ತಾಲೂಕು ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು, ನಿದ್ದೆ ಬಂತು. ಆದರೆ ಹುಳದ ಮನೆಗೆ ಕಾಲಿಡಲು ಮನಸ್ಸು ಬರಲಿಲ್ಲ. ಕೌನ್ಸೆಲಿಂಗೂ ಬೇಕು ಅಂದರು. ಮಲ್ಲೇಶ್ವರದ ಕಡೆ ಒಂದು ಖಾಸಗಿ ಕ್ಲಿನಿಕ್ಕು. ಗಂಟೆಗೆ 1,200 ರೂಪಾಯಿ, ವಾರಕ್ಕೊಂದು ಸಲ, ಎಂಟು ವಾರ. ಬಸ್ ಚಾರ್ಜು, ಮನೆಯಲ್ಲಿ ಅವತ್ತಿನ ಆಳಿನ ಕೂಲಿ ಬೇರೆ. ಮಾತಾಡಿಸಿದ ಹೆಣ್ಣುಮಗಳು ಒಳ್ಳೆಯವಳೇ. 'ಸ್ಟ್ರೆಸ್ ಯಾವಾಗಿಂದ ಫೀಲ್ ಆಗ್ತಿದೆ?' ಅಂದಳಂತೆ. ಇವನು 'ನಾಲ್ಕನೇ ಜ್ವರ ಎದ್ದಮೇಲೆ ಸಾಯೋಕೆ ಶುರುವಾಯ್ತಲ್ಲ, ಅವತ್ತಿಂದ' ಅಂದ. ಜ್ವರ ಬಂದಿದ್ದು ಇವನಿಗೋ, ಸತ್ತಿದ್ದು ಯಾರೋ, ಆಕೆಗೆ ತಿಳಿಯಲಿಲ್ಲ. ಹುಳ ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಅಂತಾರೆ ಅಂತ ಇವನೇ ಪಾಠ ಹೇಳಬೇಕಾಯಿತು, ತನ್ನ ದುಡ್ಡಲ್ಲಿ. ಎರಡು ಸಲ ಹೋದ, ಮೂರನೇ ವಾರ ಹೋಗಲಿಲ್ಲ. ಆ ಬೆಳೆಯೂ ಹೋಯಿತು, ಮುಂದಿನ ಬೆಳೆಗೆ ಮೊಟ್ಟೆ ತರಲಿಲ್ಲ, ಕೈಸಾಲ ಮತ್ತಷ್ಟು ಏರಿತು.

ಈ ಮಾತಿನ ಚಿಕಿತ್ಸೆಯಲ್ಲಿ ಅಂಥ ಗುಟ್ಟೇನಿದೆ ಅಂತ ಬಲ್ಲವರನ್ನು ಕೇಳಿದೆ. ಖಿನ್ನತೆ ಹಿಡಿದವನು ಕೆಲಸ ಬಿಡುತ್ತಾನೆ, ಜನರ ಸಹವಾಸ ಬಿಡುತ್ತಾನೆ. ಬಿಟ್ಟಷ್ಟೂ ಮನಸ್ಸು ಕುಸಿಯುತ್ತದೆ, ಕುಸಿದಷ್ಟೂ ಇನ್ನೂ ಬಿಡುತ್ತಾನೆ. ಈ ಗಾಣದ ಸುತ್ತನ್ನು ಕೆಲಸದ ಕಡೆಯಿಂದ ಮುರಿಯಬೇಕು. ಮನಸ್ಸು ಸರಿಹೋದ ಮೇಲೆ ಮಾಡು ಅನ್ನುವುದಲ್ಲ, ಚಿಕ್ಕದೊಂದು ಮಾಡು, ಮನಸ್ಸು ಹಿಂದೆ ಬರುತ್ತದೆ ಅನ್ನುವುದು. ಇವತ್ತು ಹಸುವಿಗೆ ನೀರು ಕುಡಿಸು. ನಾಳೆ ಡೈರಿಗೆ ಹಾಲು ನೀನೇ ಹಾಕಿ ಬಾ. ಹೇಗನ್ನಿಸಿತು ಬರೆದಿಡು, ಮುಂದಿನ ವಾರ ಕೂತು ನೋಡೋಣ. ಆತಂಕಕ್ಕೂ ಹೀಗೇ, ಹೆದರಿ ದೂರ ಇಟ್ಟಿದ್ದರ ಹತ್ತಿರ ಒಂದೊಂದೇ ಮೆಟ್ಟಿಲು ಹೋಗುವುದು. ಮೊದಲು ಬ್ಯಾಂಕಿನ ನೋಟೀಸು ಒಡೆಯುವುದು, ಆಮೇಲೆ ಜೊತೆಗೊಬ್ಬರನ್ನು ಕೂರಿಸಿಕೊಂಡು ಓದುವುದು, ಆಮೇಲೆ ಮ್ಯಾನೇಜರ ಮುಂದೆ ಹೋಗಿ ಕೂರುವುದು. 'ಧೈರ್ಯವಾಗಿರಪ್ಪಾ, ಎಲ್ಲಾ ಸರಿಹೋಗುತ್ತೆ' ಅನ್ನುವುದು ಚಿಕಿತ್ಸೆ ಅಲ್ಲ ಸ್ವಾಮಿ, ಅದು ಎದ್ದು ಹೊರಟವರ ಮಾತು.

ಇದಕ್ಕೆ ದೊಡ್ಡ ಡಿಗ್ರಿ ಬೇಕೇ? ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆಯವರು ಮನೋರೋಗದ ಓದು ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ತೀವ್ರ ಖಿನ್ನತೆಯ ಸುಮಾರು 500 ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಆರೆಂಟು ಸಲ ಈ ಚಿಕಿತ್ಸೆ, ಉಳಿದವರಿಗೆ ಕೇಂದ್ರದ ಮಾಮೂಲು ಉಪಚಾರ. ಮೂರು ತಿಂಗಳಿಗೆ ನೋಡಿದರೆ ಮಾಮೂಲಿನಲ್ಲಿ ನೂರಕ್ಕೆ 39 ಜನ ಚೇತರಿಸಿಕೊಂಡಿದ್ದರು, ಮಾತಿನ ಚಿಕಿತ್ಸೆಯಲ್ಲಿ 64. ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ 2017ರಲ್ಲಿ ಇದು ಅಚ್ಚಾಗಿದೆ. ಜಿಂಬಾಬ್ವೆ ದೇಶದಲ್ಲಂತೂ ತರಬೇತಾದ ಅಜ್ಜಿಯರು ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂತು ಈ ಕೆಲಸ ಮಾಡುತ್ತಾರೆ. ಗೋವಾದಲ್ಲಿ ಆದದ್ದು ಗುಬ್ಬಿಯಲ್ಲಿ ಯಾಕಾಗಬಾರದು?

ಆದರೆ ಒಂದು ಎಚ್ಚರ. ಗೋವಾದಲ್ಲಿ ತರಬೇತಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಅವರು ನಡೆಸಿದ ಮಾತುಕತೆಯನ್ನು ರೆಕಾರ್ಡು ಮಾಡಿ, ಒಬ್ಬರದನ್ನೊಬ್ಬರು ಕೇಳಿ ಅಂಕ ಹಾಕುತ್ತಿದ್ದರು. ನಮ್ಮ ಸರ್ಕಾರಗಳಿಗೆ ತರಬೇತಿ ಶಿಬಿರದ ಫೋಟೋ ಸಾಕು. ಅದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ಹಾಗೇ ಸಾಯುವ ಮಾತಾಡುವವನನ್ನು, ಇಲ್ಲದ ದನಿ ಕೇಳುವವನನ್ನು ಬೆಂಚಿನ ಮೇಲೆ ಕೂರಿಸಬಾರದು, ಕೂಡಲೇ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಕೇಸಾಗುತ್ತೆ ಅಂತ ಮುಚ್ಚಿಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ನಮ್ಮ ಕೇಳಿಕೆ ಇಷ್ಟೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರದ ಸಂತೆಯ ದಿನ ಮಾತಿನ ಚಿಕಿತ್ಸೆ ಕಲಿತವರೊಬ್ಬರು ಕೂರಬೇಕು, ಕನ್ನಡದಲ್ಲಿ, ನಮ್ಮ ಕನ್ನಡದಲ್ಲಿ. ಆಶಾ ಕಾರ್ಯಕರ್ತೆಯರ ತಲೆಗೆ ಇದನ್ನೂ ಹೊರಿಸುವುದಾದರೆ ಅದಕ್ಕೆ ಬೇರೆ ಸಂಬಳ ಕೊಡಿ. ಅದೇ ಮೇಜಿನ ಪಕ್ಕ ಸಾಲದ ಕಾಗದ ಓದಿ ಹೇಳುವವರೊಬ್ಬರಿರಲಿ. ಟೊಮೇಟೊ ರಸ್ತೆಗೆ ಸುರಿದು ಬಂದವನಿಗೆ ಬರೀ ಸಮಾಧಾನ ಹೇಳಿದರೆ ಆ ಸಮಾಧಾನ ಮುಂದಿನ ಕಂತಿನವರೆಗೆ.

ಇಲ್ಲಿನ ನಿವೃತ್ತ ಮೇಷ್ಟ್ರುಗಳಿಗೆ, ಬ್ಯಾಂಕಿನಲ್ಲಿ ಕೆಲಸ ಮಾಡಿ ಬಂದವರಿಗೆ ಒಂದು ಮಾತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಯನ್ನು ಕನ್ನಡದಲ್ಲಿ ನಮಗೆಲ್ಲ ತಿಳಿಯುವ ಹಾಗೆ ಪುಸ್ತಕದ ಮೇಲೆ ಪುಸ್ತಕ ಬರೆದರು, ನಿವೃತ್ತರಾದ ಮೇಲೂ ಉಚಿತವಾಗಿ ಸಮಾಲೋಚನೆ ನಡೆಸಿದರು. ಆ ದಾರಿ ನಿಮ್ಮ ಕಣ್ಣೆದುರಿಗೇ ಇದೆ. ನಿಮಗೆ ಬಿಡುವಿದೆ, ಭಾಷೆಯಿದೆ, ಲೆಕ್ಕವೂ ಗೊತ್ತು. ಕಲಿಯಿರಿ, ನಮ್ಮ ಕಡೆ ಬನ್ನಿ. ಹುಳದ ಜ್ವರ ಏನು ಅಂತ ನಾವು ಹೇಳಿಕೊಡುತ್ತೇವೆ, ಫೀಜು ಕೇಳುವುದಿಲ್ಲ.

ಊರಿನಲ್ಲಿ ಓದುತ್ತಿರುವ ನೀವು ಅಲ್ಲಿಯವರೆಗೆ ಒಂದು ನಂಬರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ: 14416. ಸರ್ಕಾರದ ಟೆಲಿ ಮನಸ್, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಹಾಲಿನ ಡೈರಿಯ ಗೋಡೆಯಾದರೆ ಒಳ್ಳೆಯದು, ಬೆಳಗ್ಗೆ ಸಂಜೆ ಎಲ್ಲರೂ ಅಲ್ಲಿಗೆ ಬರುತ್ತಾರೆ.